ನಾಲ್ಕು ಅಂದವಳು

ಆ ದೋಣಿಯಲ್ಲಿ ತಿರುಗುವ ಮೊದಲು ಎಲ್ಲರೂ ತಮ್ಮ ತಮ್ಮ ನಂಬರು ಹೇಳಬೇಕಿತ್ತು. ನಿಯಮ ಮಾಡಿದವಳು ಅಮ್ಮ. ಅದೂ ಬುದ್ಧಿ ಓಡಿಸಿ ಮಾಡಿದ್ದಲ್ಲ, ಪೆಟ್ಟು ತಿಂದು ಮಾಡಿದ್ದು.

ಹಾಯಿದೋಣಿ ಗಾಳಿಗೆ ಎದುರಾಗಿ ನೇರ ಹೋಗಲಾರದು. ಒಮ್ಮೆ ಎಡಕ್ಕೆ ಓರೆಯಾಗಿ, ಒಮ್ಮೆ ಬಲಕ್ಕೆ ಓರೆಯಾಗಿ, ಅಂಕುಡೊಂಕಾಗಿಯೇ ಸಾಗಬೇಕು. ಹಾಗೆ ಓರೆ ಬದಲಿಸುವಾಗಲೆಲ್ಲ ಹಾಯಿಯ ಬುಡಕ್ಕೆ ಕಟ್ಟಿದ ಅಡ್ಡಮರ ಈ ಬದಿಯಿಂದ ಆ ಬದಿಗೆ ರಪ್ಪನೆ ಬೀಸಿಹೋಗುತ್ತದೆ. ನಡುವೆ ಯಾರ ತಲೆಯಿದೆ ಎಂದು ಅದು ನೋಡುವುದಿಲ್ಲ. ಮೊದಲ ಬೇಸಿಗೆಯಲ್ಲೇ ಅಮ್ಮ ಕೆಟಲ್ ಹಿಡಿದುಕೊಂಡು ಒಳಗಿನಿಂದ ತಲೆ ಹೊರಗೆ ಹಾಕಿದ್ದಳು, ಅಪ್ಪ ಅದೇ ಹೊತ್ತಿಗೆ ದೋಣಿ ತಿರುಗಿಸಿದ್ದ. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತು. ಅಮ್ಮ ಆಸ್ಪತ್ರೆಯ ಕಿಟಕಿಯಲ್ಲಿ ಕೂತು ರೋಗಿಗಳ ಟೋಕನ್ ನಂಬರು ಕೂಗುವ ಕೆಲಸದವಳು. ಬುಗುಟಿಗೆ ಒದ್ದೆ ಬಟ್ಟೆ ಒತ್ತಿಕೊಂಡೇ ತೀರ್ಪು ಕೊಟ್ಟಳು.

"ಇನ್ಮೇಲೆ ಇಲ್ಲೂ ಟೋಕನ್ನು. ನಾಲ್ಕೂ ನಂಬರ್ ಕಿವಿಗೆ ಬೀಳೋ ತನಕ ಚುಕ್ಕಾಣಿ ತಿರುಗಿಸಿದ್ರೆ ನೋಡು ಮತ್ತೆ."

ಅಪ್ಪ ಒಂದು. ಅಮ್ಮ ಎರಡು. ದೊಡ್ಡವಳು ಮೂರು. ಚಿಟಿಕೆ ನಾಲ್ಕು. ಚಿಟಿಕೆ ಅಂದರೆ ಕಿರಿಯ ಮಗಳು. ಹುಟ್ಟಿದಾಗ ಒಂದು ಚಿಟಿಕೆಯಷ್ಟಿದ್ದಳು ಎಂದು ಹೆಸರು ಅಂಟಿತ್ತು. ಈಗ ಹದಿನೇಳು ವರ್ಷ, ಅಕ್ಕನಿಗಿಂತ ಎರಡು ಬೆರಳು ಎತ್ತರ, ನಾಲಿಗೆ ಅದಕ್ಕಿಂತ ಉದ್ದ. ಹೆಸರು ಮಾತ್ರ ಬಿಟ್ಟುಹೋಗಿರಲಿಲ್ಲ.

ಅಪ್ಪನದು ಹಾಯಿ ಹೊಲಿಯುವ ಕಸುಬು. ಬಂದರಿನ ಹಿಂದಿನ ಬೀದಿಯಲ್ಲಿ, ಬಣ್ಣದ ಅಂಗಡಿಯ ಮೇಲಿನ ಮಹಡಿಯಲ್ಲಿ ಕಾರ್ಖಾನೆ. ಕಾರ್ಖಾನೆ ಅಂದರೆ ಒಂದೇ ಒಂದು ಉದ್ದ ಹಜಾರ, ಮರದ ನೆಲ, ಬರಿಗಾಲಲ್ಲೇ ಓಡಾಟ. ಹೊಲಿಗೆ ಮಷೀನು ನೆಲದ ಹಲಗೆ ಕೊರೆದು ಇಳಿಸಿದ ಗುಂಡಿಯೊಳಗೆ. ಗುಂಡಿಯಲ್ಲಿ ಕೂತವನು ಎದೆಯಿಂದ ಮೇಲೆ ಮಾತ್ರ ಕಾಣುತ್ತಾನೆ, ಹಾಯಿಯ ಬಟ್ಟೆ ಅವನ ಸುತ್ತ ನೆಲದ ಮಟ್ಟಕ್ಕೆ ನೀರಿನಂತೆ ಹರಡಿಕೊಂಡಿರುತ್ತದೆ. ದೊಡ್ಡವಳು ಓದು ಮುಗಿಸಿ ಅಲ್ಲಿಯೇ ಕೆಲಸಕ್ಕೆ ನಿಂತಿದ್ದಳು. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ಮೇಣ ಸವರಿದ ದಾರದಿಂದ ಮೂಲೆಗಳನ್ನು ಕೈಯಲ್ಲಿ ಹೊಲಿಯುವುದು ಅವಳ ಪಾಲು.

ಮನೆಯವರ ದೋಣಿಗೆ ಮಾತ್ರ ಹೊಸ ಹಾಯಿ ಬರಲಿಲ್ಲ. ಗಿರಾಕಿಗಳ ಹಾಯಿಯಿಂದ ಉಳಿದ ತುಂಡುಗಳನ್ನೇ ಜೋಡಿಸಿ ಹೊಲಿದಿದ್ದರು. ಅದರಲ್ಲಿ ಮೂರು ಥರದ ಬಿಳಿ ಇತ್ತು. ಆ ದೋಣಿಯಲ್ಲಿ ಹನ್ನೊಂದು ಬೇಸಿಗೆ ಕಳೆದರು. ಎರಡು ಸಲ ಮರಳದಿಬ್ಬಕ್ಕೆ ಸಿಕ್ಕಿಕೊಂಡರು, ಒಂದು ಸಲ ಬಿರುಗಾಳಿಗೆ ಸಿಕ್ಕಿ ಯಾರದೋ ಜೆಟ್ಟಿಗೆ ಕಟ್ಟಿಕೊಂಡು ಎರಡು ದಿನ ಬಿಸ್ಕತ್ತು ತಿಂದರು. ಈಜು ಬಾರದ ಅಮ್ಮ ಮೂರನೇ ವರ್ಷ ನೀರಿನ ಮೇಲೆ ಅಂಗಾತ ತೇಲುವುದನ್ನು ಕಲಿತಳು. ಯಾರ ಮಾತನ್ನೂ ಕೇಳದ ಅಪ್ಪ, ಒಂದು ತಿರುವಿಗೆ ಮೂರು ಜನರ ಬಾಯಿ ಕಾಯುವುದನ್ನು ಕಲಿತ. ಚಿಟಿಕೆ ಬಂದರಿನ ಬೈಗುಳಗಳನ್ನೆಲ್ಲ ಕಲಿತಳು. ದೊಡ್ಡವಳು ಏನು ಕಲಿತಳು ಎಂದು ಯಾರೂ ಕೇಳಲಿಲ್ಲ. ಅವಳು ಎಲ್ಲರ ದನಿ ಕೇಳಿಸಿಕೊಳ್ಳುವುದನ್ನು ಕಲಿತಿದ್ದಳು.

ಅಮ್ಮನ ಜಾಗ ಒಳಗೆ, ಒಲೆಯ ಹತ್ತಿರ. ಅಪ್ಪ ಹಿಂದಿನಿಂದ "ತಿರುಗ್ತೀನಿ, ಒಂದು" ಅಂದ ಮೇಲೆ ಒಳಗಿನಿಂದ ಸ್ವಲ್ಪ ಮೂಗಿನ ದನಿ ಬರುತ್ತಿತ್ತು. "ಎರಡೂ... ನಿಧಾನ." ಕೈಯಲ್ಲಿ ಬಿಸಿ ನೀರಿದ್ದವಳ ದನಿ ಅದು.

ಅಮ್ಮ ನೀರಿನಲ್ಲಿ ಸಾಯಲಿಲ್ಲ. ಹಾಗೆ ಸತ್ತಿದ್ದರೆ ಜನಕ್ಕೆ ಹೇಳಿಕೊಳ್ಳಲು ಒಂದು ಕತೆಯಾದರೂ ಇರುತ್ತಿತ್ತು. ತಾನು ಟೋಕನ್ ಕೂಗುತ್ತಿದ್ದ ಆಸ್ಪತ್ರೆಯಲ್ಲೇ, ಎರಡು ಮಹಡಿ ಮೇಲೆ, ಹೊಟ್ಟೆಯ ರೋಗಕ್ಕೆ ಐದು ವಾರ ಮಲಗಿ ಹೋದಳು. ದೋಣಿ ಒಂದು ವರ್ಷ ದಡದಲ್ಲಿ ಟಾರ್ಪಾಲಿನ ಕೆಳಗೆ ಬಿದ್ದಿತ್ತು.

ಮತ್ತೆ ನೀರಿಗಿಳಿಸಿದ ದಿನ ಮೊದಲ ತಿರುವಿನಲ್ಲೇ ಎಡವಟ್ಟಾಯಿತು. ಅಪ್ಪ "ಒಂದು" ಅಂದ. ಚುಕ್ಕಾಣಿಯ ಮೇಲೆ ಕೈಯಿಟ್ಟು, ಕತ್ತು ಸ್ವಲ್ಪ ಓರೆ ಮಾಡಿ ಕಾದ. ದೋಣಿಯ ವೇಗ ಸತ್ತಿತು, ಹಾಯಿ ಪಟಪಟ ಬಡಿದುಕೊಳ್ಳತೊಡಗಿತು, ಅಲೆಗಳು ಅವರನ್ನು ಪಕ್ಕಕ್ಕೆ ತಳ್ಳಿಕೊಂಡು ಹೋದವು. ಅಪ್ಪನ ಮುಖದಲ್ಲಿ ದುಃಖವೇನೂ ಇರಲಿಲ್ಲ. ಫೋನಿನ ಆ ಕಡೆಯವರು ಮಾತಾಡಲಿ ಎಂದು ಕಾಯುವವರ ಮುಖ ಹೇಗಿರುತ್ತದೋ ಹಾಗಿತ್ತು. ದೊಡ್ಡವಳಿಗೆ ಅದನ್ನು ನೋಡಲಾಗಲಿಲ್ಲ. ಒಳಗೆ ಒಲೆಯ ಹತ್ತಿರ ಹೋಗಿ, ಅತ್ತ ಮುಖ ಮಾಡಿ "ಎರಡೂ... ನಿಧಾನ" ಅಂದಳು. ಬಾಗಿಲ ಹತ್ತಿರ ಬಂದು ತನ್ನ ದನಿಯಲ್ಲಿ "ಮೂರು" ಅಂದಳು. ಮುಂದಿನಿಂದ ಚಿಟಿಕೆಯ "ನಾಲ್ಕು" ಬರಲು ಒಂದು ಗಳಿಗೆ ತಡವಾಯಿತು. ಬಂತು. ಅಪ್ಪ ತಿರುಗಿಸಿದ.

ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಎರಡು ವರ್ಷ ಹಾಗೆಯೇ ನಡೆಯಿತು. ಮೊದಮೊದಲು ದೊಡ್ಡವಳು ದನಿ ತೆಗೆಯಲು ಪ್ರಯತ್ನ ಪಡಬೇಕಿತ್ತು. ಆಮೇಲೆ ಪ್ರಯತ್ನ ಬೇಕಾಗಲಿಲ್ಲ. ಅಪ್ಪ "ಒಂದು" ಅನ್ನುವುದೇ ತಡ, ಗಂಟಲಲ್ಲಿ ಯಾರೋ ಎದ್ದು ಕೂತ ಹಾಗೆ ಆಗುತ್ತಿತ್ತು. ಒಮ್ಮೆ ಕಾರ್ಖಾನೆಯಲ್ಲಿ ಅಪ್ಪ ಗುಂಡಿಯೊಳಗಿನಿಂದ ಕತ್ತರಿ ಕೇಳಿದಾಗ ಅವಳು "ನಿಧಾನ" ಅಂದಳು. ಯಾವ ದನಿಯಲ್ಲಿ ಅಂದಳೆಂದು ಅವಳಿಗೆ ತಿಳಿಯಲಿಲ್ಲ. ಅಪ್ಪ ತಲೆಯೆತ್ತದೆ ಮುಗುಳ್ನಕ್ಕದ್ದು ಮಾತ್ರ ಕಂಡಿತು. ಸೂಜಿ ಅಂಗೈಯ ಪಟ್ಟಿ ದಾಟಿ ಮಾಂಸಕ್ಕೆ ಇಳಿದಿತ್ತು.

ಅಮ್ಮನಿಗೆ ದೀಪಸ್ತಂಭದ ನಡುಗಡ್ಡೆ ನೋಡುವ ಆಸೆಯಿತ್ತು. ಆರು ಸಲ ಹೊರಟು ಆರು ಸಲವೂ ಅರ್ಧಕ್ಕೆ ವಾಪಸು ಬಂದಿದ್ದರು. ಈ ಸಲ ಮುಟ್ಟಿಯೇ ಬರೋಣ ಎಂದು ಅಪ್ಪ ಹೊರಡಿಸಿದ. ಬೆಳಗ್ಗೆ ಬಂದರು ಬಿಟ್ಟಾಗ ಬಿಸಿಲಿತ್ತು. ಒಂಬತ್ತರ ಹೊತ್ತಿಗೆ ಮಂಜು ಬಂತು. ಬಂತು ಅನ್ನುವುದಕ್ಕಿಂತ, ಸುತ್ತಲಿನದೆಲ್ಲ ಹೋಯಿತು. ಹಿಂದೆ ಚುಕ್ಕಾಣಿ ಹಿಡಿದ ಅಪ್ಪನಿಗೆ ಹಾಯಿಕಂಬ ಕಾಣುತ್ತಿತ್ತು, ಅದರಿಂದಾಚೆಗೆ ಏನೂ ಇಲ್ಲ. ಕಾವಲಿಗೆಂದು ಚಿಟಿಕೆ ತುತ್ತತುದಿಗೆ ಹೋಗಿ ಕೂರಬೇಕಿತ್ತು.

ಹೋಗುವ ಮೊದಲು ಅವಳು ಒಳಗಿಳಿದು ಬಂದಳು. ಲೈಫ್ ಜಾಕೆಟ್ಟಿನ ಬಕಲ್ ಹಾಕಿಕೊಳ್ಳುತ್ತ, ಇವತ್ತಾದರೂ ಆ ನಾಟಕ ಬೇಡ ಎಂದು ಕೇಳಿಕೊಂಡಳು. ಮಂಜಿನಲ್ಲಿ ಆ ದನಿ ಕೇಳಿದರೆ ಬೆನ್ನು ತಣ್ಣಗಾಗುತ್ತದೆ ಎಂದಳು. ಅಪ್ಪನಿಗೆ ಅದು ಬೇಕು ಎಂದಳು ದೊಡ್ಡವಳು.

"ಅಪ್ಪನಿಗೆ ಬೇಕಾ, ನಿನಗೆ ಬೇಕಾ?"

"ಮೆಲ್ಲಗೆ ಮಾತಾಡು. ಕೇಳುತ್ತೆ."

"ಕೇಳ್ಲಿ ಬಿಡು. ಅಕ್ಕ, ಅಮ್ಮ ಸತ್ತು ಮೂರು ವರ್ಷ ಆಯ್ತು. ಸತ್ತೋರು ನಂಬರ್ ಹೇಳೋ ದೋಣೀಲಿ ಬದುಕಿರೋರು ಒಬ್ರಾದ್ರೂ ಸುಮ್ನಿರ್ಬೇಕಲ್ಲ. ನಾನಿರ್ತೀನಿ. ಇವತ್ತಿಂದ ನಾಲ್ಕು ಇಲ್ಲ."

ಹೇಳಿದವಳು ಮಾಡಿಯೂ ಬಿಟ್ಟಳು. ಮುಂದಿನ ತಿರುವಿನಲ್ಲಿ ಒಂದು, ಎರಡು, ಮೂರು ಆಯಿತು, ನಾಲ್ಕು ಬರಲಿಲ್ಲ. ಅಪ್ಪ ಕಾದ. ಹಾಯಿ ಬಡಿದುಕೊಳ್ಳತೊಡಗಿತು. ಚಿಟಿಕೆಗೆ ಅವಳ ಜಿದ್ದು, ಅಪ್ಪನಿಗೆ ಅಪ್ಪನ ಜಿದ್ದು, ನಡುವೆ ದೊಡ್ಡವಳು. ದೋಣಿಯ ಮುಂಭಾಗದ ಚಾವಣಿಯಲ್ಲಿ ಗಾಳಿಗೆಂದು ಒಂದು ಚೌಕದ ಕಿಂಡಿಯಿತ್ತು. ಅವಳು ಅದರ ಕೆಳಗೆ ಹೋಗಿ ನಿಂತು, ಬಾಯಿ ಮೇಲಕ್ಕೆತ್ತಿ, ಚಿಟಿಕೆಯ ಹಾಗೆಯೇ ಕಡೆಯ ಅಕ್ಷರವನ್ನು ಹಲ್ಲಿನಲ್ಲಿ ಕಚ್ಚಿ "ನಾಲ್ಕು" ಅಂದಳು. ಅಪ್ಪನನ್ನು ಬಿಟ್ಟು ಮನೆಯವರೆಲ್ಲ ಒಂದೇ ಬಾಯಿಯಿಂದ ಬಂದಂತಾಯಿತು. ಅಪ್ಪ ತಿರುಗಿಸಿದ.

ಕಿಂಡಿಯಲ್ಲಿ ಚಿಟಿಕೆಯ ಮುಖ ತಲೆಕೆಳಗಾಗಿ ಇಣುಕಿತು.

"ನನ್ನನ್ನೂ ಸಾಯಿಸಿದ್ಯಾ?" ಅಂದಳು. ನಗುತ್ತಿದ್ದಳು, ಆದರೆ ಕಣ್ಣು ನಗುತ್ತಿರಲಿಲ್ಲ. ಮುಖ ಹೋಯಿತು.

ಇನ್ನೂ ಎರಡು ತಿರುವು ಹಾಗೆಯೇ ನಡೆಯಿತು. ಒಲೆಯ ಹತ್ತಿರ ಒಬ್ಬಳು, ಬಾಗಿಲ ಹತ್ತಿರ ಒಬ್ಬಳು, ಕಿಂಡಿಯ ಕೆಳಗೆ ಒಬ್ಬಳು. ಒಳಗೆ ಓಡಾಡಲು ಇದ್ದದ್ದೇ ನಾಲ್ಕು ಹೆಜ್ಜೆ. ದೊಡ್ಡವಳಿಗೆ ತಾನು ಚೆನ್ನಾಗಿ ನಿಭಾಯಿಸುತ್ತಿದ್ದೇನೆ ಎಂದೇ ಅನ್ನಿಸಿತು. ಅದನ್ನು ಅವಳು ಆಮೇಲೆ ಯಾರಿಗೂ ಹೇಳಲಿಲ್ಲ.

ನೀರು ಕುದಿಯಲಿಟ್ಟಿದ್ದಳು. ಎಲ್ಲೋ ಹತ್ತಿರದಲ್ಲಿ ದೊಡ್ಡ ಹಡಗೊಂದು ಹಾರ್ನ್ ಊದಿತು. ಹಡಗು ಕಾಣಲಿಲ್ಲ, ಅದು ಎಬ್ಬಿಸಿದ ಅಲೆಗಳು ಮಾತ್ರ ಬಂದವು. ಒಂದರ ಹಿಂದೆ ಒಂದು ಮೂರು. ದೋಣಿಯ ಮೂತಿ ಮೇಲೆದ್ದು ಧಡ್ಡೆಂದು ಬಿತ್ತು. ಕೆಟಲ್ ಉರುಳದಂತೆ ಎರಡೂ ಕೈಯಲ್ಲಿ ಹಿಡಿದಳು, ಅರ್ಧ ನೀರು ಚೆಲ್ಲಿ ಒಲೆ ಆರಿತು. ಹಿಂದಿನಿಂದ ಅಪ್ಪನ ಕೂಗು ಬಂತು. ಹಡಗಿನ ದಾರಿಯಿಂದ ಬೇಗ ತಪ್ಪಿಸಿಕೊಳ್ಳಬೇಕಿತ್ತು.

"ತಿರುಗ್ತೀನಿ, ಒಂದು!"

"ಎರಡೂ... ನಿಧಾನ." "ಮೂರು." "ನಾಲ್ಕು."

ಅಡ್ಡಮರ ಬೀಸಿಹೋಯಿತು. ದೋಣಿ ಹೊಸ ಓರೆಗೆ ವಾಲಿ ಸಾಗಿತು.

ದೊಡ್ಡವಳು ಒಲೆ ಒರೆಸಿದಳು, ಹೊತ್ತಿಸಿದಳು, ಮತ್ತೆ ನೀರಿಟ್ಟಳು. ಕುದಿಯಿತು. ಟೀ ಮಾಡಿ, ರಾಜಿಯಾಗಲಿ ಎಂದು ಸಕ್ಕರೆ ಒಂದು ಚಮಚ ಹೆಚ್ಚು ಹಾಕಿ, ಕಿಂಡಿಯಿಂದ ಕೈ ಮೇಲೆತ್ತಿ ಲೋಟ ಚಾಚಿದಳು. ಯಾರೂ ತೆಗೆದುಕೊಳ್ಳಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡು ಹಿಡಿದೇ ನಿಂತಳು. ತೋಳು ನೋಯತೊಡಗಿತು. "ತಗೋಳೆ, ಆರಿಹೋಗುತ್ತೆ," ಅಂದಳು. ಕೊನೆಗೆ ತಾನೇ ತಲೆ ಹೊರಗೆ ಹಾಕಿದಳು.

ತುದಿಯಲ್ಲಿ ಯಾರೂ ಇರಲಿಲ್ಲ. ಸೊಂಟಕ್ಕೆ ಕಟ್ಟಿಕೊಳ್ಳುವ ಹಗ್ಗ ಕಂಬಿಗೆ ಜೋತುಬಿದ್ದಿತ್ತು. ಅದರ ಇನ್ನೊಂದು ತುದಿ ಸುಮ್ಮನೆ ಹಲಗೆಯ ಮೇಲೆ ಅತ್ತಿತ್ತ ಹೊರಳುತ್ತಿತ್ತು.

ಅಪ್ಪ ಮೊದಲು ನಂಬಲಿಲ್ಲ. "ಈಗ ತಾನೆ ನಾಲ್ಕು ಅಂದಳಲ್ಲ?"

"ನಾನು ಅಂದಿದ್ದು."

"ನೀನು ಅಂದಿದ್ದು ಮೂರು."

"ನಾಲ್ಕೂ ನಾನೇ. ಬೆಳಗ್ಗೆಯಿಂದ ನಾನೇ, ಅಪ್ಪ."

ಅಪ್ಪ ಅವಳನ್ನೇ ನೋಡಿದ. ಮಗಳು ನೀರಿನಲ್ಲಿದ್ದಾಳೆ, ಒಂದೊಂದು ಕ್ಷಣಕ್ಕೂ ಲೆಕ್ಕವಿದೆ, ಅಂಥ ಹೊತ್ತಿನಲ್ಲಿ ಅವನ ಬಾಯಿಂದ ಬಂದ ಪ್ರಶ್ನೆ ಬೇರೆಯೇ ಆಗಿತ್ತು.

"ಹಾಗಾದ್ರೆ ಎರಡು?"

ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಎರಡು ವರ್ಷ ಗೊತ್ತಿದ್ದೂ ಕೇಳಿಸಿಕೊಂಡಿದ್ದ. ಆದರೆ ಯಾರೂ ಅದನ್ನು ಅವನ ಮುಖಕ್ಕೆ ಹೇಳಿರಲಿಲ್ಲ.

"ಅದೂ ನಾನೇ," ಅಂದಳು ದೊಡ್ಡವಳು.

ಅಪ್ಪ ತಲೆಯಾಡಿಸಿದ. ಗಿರಾಕಿ ಅಳತೆ ತಪ್ಪಾಗಿದೆ ಅಂದಾಗ ಆಡಿಸುವ ಹಾಗೆ, ಒಂದೇ ಸಲ. ಆಮೇಲೆ ಗಡಿಯಾರ ನೋಡಿದ, ದಿಕ್ಸೂಚಿ ನೋಡಿದ. ತಿರುಗಿ ಏಳು ನಿಮಿಷವಾಗಿತ್ತು, ಅಲೆ ಬಂದದ್ದು ಅದಕ್ಕೂ ಒಂದು ನಿಮಿಷ ಮೊದಲು. ದೋಣಿಯನ್ನು ಬಂದ ದಾರಿಗೇ ಎಳೆದು ತಿರುಗಿಸಿದ. ಆ ತಿರುವಿಗೆ ಯಾರೂ ನಂಬರು ಹೇಳಲಿಲ್ಲ. ಅಡ್ಡಮರ ದೊಡ್ಡವಳ ಕೂದಲಿಗೆ ತಾಗಿಕೊಂಡೇ ಹೋಯಿತು.

ಲೆಕ್ಕದ ಜಾಗಕ್ಕೆ ಬಂದಾಗ ಹಾಯಿ ಇಳಿಸಿದರು. ದೋಣಿಗಿದ್ದ ಪುಟ್ಟ ಎಂಜಿನ್ ಹಾಕಲಿಲ್ಲ, ಅದರ ಸದ್ದಿಗೆ ಕಿವಿ ಸತ್ತುಹೋಗುತ್ತದೆ. ಮಂಜಿನೊಳಗೆ ನೀರು ದೋಣಿಯ ಹೊಟ್ಟೆಗೆ ತಟ್ಟುವುದು ಬಿಟ್ಟರೆ ಬೇರೆ ಸದ್ದಿಲ್ಲ. ಜಾಕೆಟ್ಟಿನ ಸೀಟಿಯನ್ನು ಚಿಟಿಕೆ ಹೋದ ವರ್ಷವೇ ಕಳೆದುಹಾಕಿದ್ದಳು. ಅಪ್ಪ ಅವಳ ಹೆಸರು ಕೂಗಲಿಲ್ಲ. ಚುಕ್ಕಾಣಿಯ ಹತ್ತಿರ ನಿಂತು, ಎರಡೂ ಕೈ ಬಾಯಿಗಿಟ್ಟು ಕೂಗಿದ.

"ಒಂದು!"

ದೊಡ್ಡವಳ ಗಂಟಲಲ್ಲಿದ್ದವಳು ಎದ್ದಳು. ದೊಡ್ಡವಳು ಹಲ್ಲು ಕಚ್ಚಿದಳು. ಅಮ್ಮನ ನಂಬರಿಗೆ ಬೇಕಾಗುವಷ್ಟು ಹೊತ್ತು ಖಾಲಿಯಾಗಿಯೇ ಕಳೆಯಿತು. "ಮೂರು," ಅಂದಳು. ಕಾದರು. ಏನೂ ಬರಲಿಲ್ಲ. ಮತ್ತೆ ಒಂದು, ಮತ್ತೆ ಖಾಲಿ, ಮತ್ತೆ ಮೂರು. ದೋಣಿ ಸುಮ್ಮನೆ ತೇಲುತ್ತ ಹೋಗುತ್ತಿತ್ತು. ಎಷ್ಟು ದೂರ ಹೋಗುತ್ತಿದೆ ಎಂದು ನೋಡಲು ಎದುರಿಗೆ ಏನೂ ಇರಲಿಲ್ಲ.

ಐದನೆಯ ಸಲಕ್ಕೆ ಎಡಗಡೆಯಿಂದ, ತುಂಬ ತೆಳ್ಳಗೆ, ಕಡೆಯ ಅಕ್ಷರವನ್ನು ಕಚ್ಚಿದ ದನಿಯೊಂದು ಬಂತು.

"ನಾಲ್ಕು."

ಅಪ್ಪ ಆ ಕಡೆ ನೋಡಲಿಲ್ಲ. ದೊಡ್ಡವಳ ಬಾಯಿ ನೋಡಿದ.

"ನೀನಾ?"

ಅವಳು ಇಲ್ಲ ಎಂದು ತಲೆಯಾಡಿಸಿದಳು. ಅವನ ಮುಖ ನೋಡಿದರೆ ನಂಬಿದ ಹಾಗಿರಲಿಲ್ಲ. ನಂಬಲು ಕಾರಣವೂ ಇರಲಿಲ್ಲ. ಅವಳಿಗೇ ತನ್ನ ಮೇಲೆ ಪೂರ್ತಿ ನಂಬಿಕೆಯಿರಲಿಲ್ಲ. ಸ್ವೆಟರಿನ ತೋಳನ್ನು ಮುಷ್ಟಿಯಷ್ಟು ಮಾಡಿ ಬಾಯಿಗೆ ತುರುಕಿಕೊಂಡಳು. ಅದರ ಮೇಲೆ ಎರಡೂ ಕೈ ಒತ್ತಿ ಹಿಡಿದು ಅಪ್ಪನ ಮುಂದೆ ನಿಂತಳು.

"ಒಂದು!" ಅಂದ ಅಪ್ಪ, ಅವಳ ಮೇಲಿನ ಕಣ್ಣು ತೆಗೆಯದೆ.

ಉಣ್ಣೆಯ ರುಚಿ, ಉಪ್ಪಿನ ರುಚಿ. ಎರಡರ ಖಾಲಿ. ಮೂರರ ಖಾಲಿ.

"ನಾಲ್ಕು," ಅಂದಿತು ನೀರು.

ಆಗ ಅಪ್ಪ ಹುಟ್ಟು ತೆಗೆದುಕೊಂಡ.

ಮೇಲೆತ್ತಿದಾಗ ಚಿಟಿಕೆಯ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು, ಗದ್ದ ಒಡೆದಿತ್ತು. ಒಳಗೆ ಕೂರಿಸಿ, ಒಣ ಬಟ್ಟೆ ಹಾಕಿ, ಇದ್ದ ಕಂಬಳಿಯನ್ನೆಲ್ಲ ಸುತ್ತಿದರು. ನಡುಗಡ್ಡೆಯ ಮಾತು ಯಾರೂ ಎತ್ತಲಿಲ್ಲ. ಅಪ್ಪ ಮನೆಯ ಕಡೆಗೆ ಹಿಡಿದ. ಗಾಳಿ ಬೆನ್ನಿಗಿತ್ತು, ಬಂದರಿನ ಬಾಯಿಯವರೆಗೂ ಓರೆ ಬದಲಿಸುವ ಅಗತ್ಯವಿರಲಿಲ್ಲ. ಮೂರು ಗಂಟೆ ಹೊತ್ತು ಯಾರೂ ನಂಬರು ಹೇಳದೆ ಕಳೆಯಿತು.

ನಡುಕ ನಿಂತ ಮೇಲೆ ಚಿಟಿಕೆ ಹೇಳಿದಳು. ಪಕ್ಕ ಬದಲಿಸಿ ಕೂರೋಣ ಎಂದು ಹಗ್ಗ ಬಿಚ್ಚಿದ್ದಳಂತೆ. ಅಷ್ಟರಲ್ಲಿ ಅಲೆ ಬಂತು. ಬೀಳುವಾಗ ಗದ್ದ ದೋಣಿಯ ಅಂಚಿಗೆ ಬಡಿಯಿತು, ಬಾಯಿ ತುಂಬ ನೀರು, ಉಸಿರಿಲ್ಲ. ದೋಣಿ ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಪಕ್ಕದಿಂದಲೇ ದಾಟಿಹೋಯಿತು. ಹಲಗೆಯ ಮೇಲಿನ ಮೊಳೆಗಳು ಕೂಡ ಕಂಡವು ಅಂದಳು.

"ಉಸಿರು ಬಂತು. ಕೂಗೋಕೆ ಬಾಯಿ ತೆಗೆದೆ. ಅಷ್ಟ್ರಲ್ಲಿ ಅಪ್ಪ ಒಂದು ಅಂದ. ಎರಡು ಬಂತು, ಮೂರು ಬಂತು. ಆಮೇಲೆ ನಾಲ್ಕು ಬಂತು." ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನನ್ನ ದನಿ, ಅಕ್ಕ. ದೋಣಿ ಒಳಗಿಂದ. ನಾನು ಅಲ್ಲೇ ಇದ್ದೀನಿ, ಆರಾಮಾಗಿದ್ದೀನಿ. ಹಾಗಾದ್ರೆ ನೀರಲ್ಲಿ ಇರೋದು ಯಾರು ಅಂತ ಯೋಚ್ನೆ ಮಾಡ್ತಾ ಕೂಗೋದನ್ನೇ ಬಿಟ್ಟುಬಿಟ್ಟೆ."

ದೊಡ್ಡವಳು ಏನೋ ಹೇಳಬೇಕೆಂದು ಬಾಯಿ ತೆರೆದಳು. ಬರುವುದು ಯಾವ ದನಿಯಲ್ಲಿ ಇರುತ್ತದೋ ಎಂದು ಹೆದರಿ ಮುಚ್ಚಿಕೊಂಡಳು. ಕೈ ಚಾಚಿ ತಂಗಿಯ ಕಾಲು ತಿಕ್ಕಿದಳು. ಚಿಟಿಕೆ ಕಾಲು ಎಳೆದುಕೊಳ್ಳಲಿಲ್ಲ.

ಮಧ್ಯಾಹ್ನ ಮಂಜು ಹರಿಯಿತು. ಬಂದರಿನ ತಡೆಗೋಡೆ ಕಂಡಿತು. ಅದರ ತುದಿ ದಾಟಿದೊಡನೆ ಗಾಳಿ ಎದುರಾಗುತ್ತದೆ, ಒಳಗೆ ಹೋಗಲು ಒಂದೇ ಒಂದು ಓರೆ ಬದಲಿಸಬೇಕು. ತಪ್ಪಿದರೆ ಎದುರಿಗೆ ಕಲ್ಲಿನ ಗೋಡೆ. ಚಿಟಿಕೆ ಕಂಬಳಿ ಹೊದ್ದುಕೊಂಡೇ ಅಪ್ಪನ ಪಕ್ಕ ಬಂದು ಕೂತಳು. ದೊಡ್ಡವಳು ಬಾಗಿಲಲ್ಲಿ ನಿಂತಳು, ಬೆನ್ನು ಒಲೆಯ ಕಡೆಗೆ. ಈಗ ಮೂವರಿಗೂ ಮೂವರು ಕಾಣುತ್ತಿದ್ದರು. ಯಾರು ಎಲ್ಲಿದ್ದಾರೆ ಎಂದು ಕೂಗಿ ತಿಳಿಯಬೇಕಾದ್ದು ಏನೂ ಇರಲಿಲ್ಲ.

"ತಿರುಗ್ತೀನಿ," ಅಂದ ಅಪ್ಪ. "ಒಂದು."

ಕತ್ತು ಓರೆಯಾಯಿತು. ಅದು ಅವನ ಕೈಯಲ್ಲಿರಲಿಲ್ಲ. ದೋಣಿ ಗೋಡೆಯ ಕಡೆಗೆ ಸಾಗುತ್ತಿತ್ತು. ಗೋಡೆಯ ಮೇಲೆ ಬಲೆ ಒಣಗಿಸುತ್ತಿದ್ದವನೊಬ್ಬ ಎದ್ದು ನಿಂತು ಕೈ ಬೀಸತೊಡಗಿದ. ಎರಡು ಬರಲಿಲ್ಲ. ದೊಡ್ಡವಳು ಅಪ್ಪನ ಕಣ್ಣನ್ನೇ ನೋಡುತ್ತ ಬರದಂತೆ ತಡೆದು ನಿಂತಳು. ಕಲ್ಲುಗಳ ಮೇಲಿನ ಪಾಚಿ ಕಾಣುವಷ್ಟು ಹತ್ತಿರವಾಯಿತು.

ಅಪ್ಪ ಕತ್ತು ನೆಟ್ಟಗೆ ಮಾಡಿದ. "ಮುಂದೆ ಹೇಳು," ಅಂದ.

ಅವಳು ಹೇಳಿದಳು. "ಮೂರೂ..."

ಅದು ಅಮ್ಮನ ದನಿಯಾಗಿತ್ತು. ಮೂಗಿನದು, ಕಡೆಗೆ ಎಳೆದದ್ದು, ಇನ್ನೇನು 'ನಿಧಾನ' ಅನ್ನಬೇಕು ಅನ್ನುವಂಥದು. ಅಪ್ಪನ ಕೈ ಚುಕ್ಕಾಣಿಯ ಮೇಲೆ ಹಾಗೆಯೇ ನಿಂತುಬಿಟ್ಟಿತು.

"ಅಕ್ಕ," ಅಂದಳು ಚಿಟಿಕೆ, ತುಂಬ ಮೆಲ್ಲಗೆ. "ನಿನ್ನದ್ರಲ್ಲಿ ಹೇಳು."

ದೊಡ್ಡವಳು ಹುಡುಕಿದಳು. ಒಲೆಯ ಹತ್ತಿರದವಳು ಸಿಕ್ಕಳು, ಕಿಂಡಿಯ ಕೆಳಗಿನವಳು ಸಿಕ್ಕಳು. ಬಾಗಿಲಲ್ಲಿ ನಿಂತವಳು ಸಿಗಲಿಲ್ಲ. ಬಾಯಿ ತೆರೆದು, ಯಾವುದನ್ನೂ ಆರಿಸದೆ, ಗಾಳಿಯನ್ನಷ್ಟೇ ಹೊರಕ್ಕೆ ನೂಕಿದಳು.

"ಮೂರು."

ಒಡಕು ದನಿ, ಯಾರದೂ ಅಲ್ಲದ್ದು. ಚಿಟಿಕೆ ಒಡೆದ ಗದ್ದದಲ್ಲೇ "ನಾಲ್ಕು" ಅಂದಳು. ಅಪ್ಪ ಚುಕ್ಕಾಣಿ ತಳ್ಳಿದ. ಅಡ್ಡಮರ ಬೀಸಿ ಬಂತು, ಮೂವರೂ ತಲೆ ತಗ್ಗಿಸಿದರು.